ಕಾಲೇಜು ಪತ್ರಿಕೆಯಲ್ಲಿ ದುಡಿದರೆ ಮುಂದಿನ ಬದುಕಿಗೆ ಏನಾದರೂ ಉಪಯೋಗವಿದೆಯೇ?

ಇದೆ. ಆದರೆ ಅಲ್ಲಿ ಪಳಗಿದವರೆಲ್ಲ ಪತ್ರಕರ್ತರೇ ಆಗುವುದಿಲ್ಲ. ಹಾರ್ವರ್ಡ್‌ನ ವಿದ್ಯಾರ್ಥಿ ಪತ್ರಿಕೆ ‘ಕ್ರಿಮ್ಸನ್’ ಅನ್ನು ಮುನ್ನಡೆಸಿದ್ದ ಫ್ರಾಂಕ್ಲಿನ್ ರೂಸ್‌ವೆಲ್ಟ್ ಸೇರಿದ್ದು ರಾಜಕೀಯವನ್ನು.

ಈಚಿನ ಉದಾಹರಣೆ ‘ಸ್ಟ್ಯಾನ್‌ಫರ್ಡ್ ಡೈಲಿ’ಯದು. 2022ರಲ್ಲಿ ಮೊದಲ ವರ್ಷದ ವಿದ್ಯಾರ್ಥಿ ಥಿಯೋ ಬೇಕರ್, ತನ್ನದೇ ವಿಶ್ವವಿದ್ಯಾಲಯದ ಅಧ್ಯಕ್ಷರ ಹಳೆಯ ಸಂಶೋಧನಾ ಪ್ರಬಂಧಗಳಲ್ಲಿನ ಚಿತ್ರಗಳ ಬಗ್ಗೆ ಪ್ರಶ್ನೆ ಎತ್ತಿ ಬರೆದ. ಅಧ್ಯಕ್ಷರೇ ದತ್ತಾಂಶ ತಿರುಚಿದ್ದಕ್ಕೆ ಪುರಾವೆಯಿಲ್ಲ, ಆದರೆ ಪ್ರಬಂಧಗಳಲ್ಲಿ ದೋಷಗಳಿವೆ ಎಂದಿತು ತನಿಖಾ ಸಮಿತಿ. 2023ರ ಜುಲೈನಲ್ಲಿ ಅವರು ರಾಜೀನಾಮೆ ಘೋಷಿಸಿದರು. ಅಷ್ಟರಲ್ಲಾಗಲೇ ಹುಡುಗನಿಗೆ ಪತ್ರಿಕೋದ್ಯಮದ ಜಾರ್ಜ್ ಪೋಕ್ ಪ್ರಶಸ್ತಿ ಬಂದಿತ್ತು. (ಅಪ್ಪ ಅಮ್ಮ ಇಬ್ಬರೂ ಹೆಸರಾಂತ ಪತ್ರಕರ್ತರು, ಎಲ್ಲರಿಗೂ ಆ ಭಾಗ್ಯವಿರುವುದಿಲ್ಲ.)

ನಮ್ಮದು ಕೈಬರಹದ ಗೋಡೆ ಪತ್ರಿಕೆ. ಡ್ರಾಯಿಂಗ್ ಹಾಳೆ, ಸ್ಕೆಚ್ ಪೆನ್, ಮೈದಾ ಅಂಟು, ಅಷ್ಟೇ ಬಂಡವಾಳ. ಒಮ್ಮೆ ಕ್ರೀಡಾಕೂಟದ ಸುದ್ದಿಯಲ್ಲಿ, ಓಟದಲ್ಲಿ ಗೆದ್ದವಳ ಹೆಸರನ್ನೇ ತಪ್ಪಾಗಿ ಬರೆದಿದ್ದೆ. ಮರುದಿನ ಆಕೆ ಎಲ್ಲರೆದುರೇ ಪೆನ್ಸಿಲ್ ತೆಗೆದು ಅಕ್ಷರ ತಿದ್ದಿ, ಒಂದು ಮಾತೂ ಆಡದೆ ಹೊರಟುಹೋದಳು. ಬೈದಿದ್ದರೆ ಮರೆತುಬಿಡುತ್ತಿದ್ದೆನೇನೋ. ಈಗ ಬ್ಯಾಂಕಿನಲ್ಲಿದ್ದೇನೆ, ಅರ್ಜಿಯಲ್ಲಿರುವ ಹೆಸರನ್ನು ಎರಡು ಸಲ ಓದದೆ ಇಂದಿಗೂ ಸಹಿ ಹಾಕುವುದಿಲ್ಲ.