ಕೇಳಿದ್ದೀರಿ, ಹೇಳಿದ್ದೇವೆ: ಸಂಶೋಧನೆ ಓಣಿಗೆ ಬಂದಾಗ

ಪ್ರಶ್ನೆ: ನಮ್ಮ ಬಳಗದವರು ಗೋರೆಗಾಂವ್‌ನಲ್ಲಿ ಸಂಜೆ ಹೊತ್ತು ಕನ್ನಡ ಮಕ್ಕಳಿಗೆ ಉಚಿತ ಪಾಠ ನಡೆಸುತ್ತೇವೆ. ನಾಲ್ಕನೆಯ, ಐದನೆಯ ತರಗತಿಯ ಮಕ್ಕಳಿಗೂ ಓದಲು ಬರುವುದಿಲ್ಲ. ಇಂಥ ಮಕ್ಕಳ ಬಗ್ಗೆ ಮುಂಬಯಿಯಲ್ಲೇ ದೊಡ್ಡ ಅಧ್ಯಯನ ನಡೆದಿತ್ತಂತೆ. ಅದರಿಂದ ನಮಗೇನಾದರೂ ಉಪಯೋಗ ಉಂಟೇ?
— ಓದುಗರು, ಗೋರೆಗಾಂವ್

ಉತ್ತರ: ಉಂಟು. ಆದರೆ ನಕಲು ಮಾಡುವಾಗ ಪೂರ್ತಿ ಮಾಡಬೇಕು. 2001ರಿಂದ 2004ರವರೆಗೆ ಮುಂಬಯಿ ಮತ್ತು ವಡೋದರದ ನಗರಪಾಲಿಕೆ ಶಾಲೆಗಳಲ್ಲಿ ‘ಪ್ರಥಮ್’ ಸಂಸ್ಥೆಯ ‘ಬಾಲಸಖಿ’ ಯೋಜನೆಯನ್ನು ಪರೀಕ್ಷೆಗೆ ಒಡ್ಡಿದ್ದರು. ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡುಫ್ಲೊ ಆ ಅಧ್ಯಯನದ ತಂಡದಲ್ಲಿದ್ದರು. 2019ರಲ್ಲಿ ಮೈಕೆಲ್ ಕ್ರೆಮರ್ ಜೊತೆ ಅರ್ಥಶಾಸ್ತ್ರದ ನೊಬೆಲ್ ಪಡೆದವರು ಇವರೇ. ಮೂರು, ನಾಲ್ಕನೆಯ ತರಗತಿಗಳಲ್ಲಿ ಹಿಂದೆ ಬಿದ್ದ 15–20 ಮಕ್ಕಳನ್ನು ದಿನಕ್ಕೆ ಎರಡು ಗಂಟೆ ಹೊರಗೆ ಕರೆದು, ಅದೇ ಓಣಿಯ ಶಾಲೆ ಮುಗಿಸಿದ ಹುಡುಗಿಯೊಬ್ಬಳು ಓದು, ಲೆಕ್ಕ ಹೇಳಿಕೊಡುತ್ತಿದ್ದಳು. ಅವಳಿಗೆ ಎರಡು ವಾರದ ತರಬೇತಿ, ತಿಂಗಳಿಗೆ 500–750 ರೂಪಾಯಿ. ಅಂಕಗಳು ಏರಿದವು, ಅದರಲ್ಲೂ ತೀರಾ ಕೆಳಗಿದ್ದ ಮಕ್ಕಳದೇ ಹೆಚ್ಚು. ತರಗತಿಯಲ್ಲೇ ಉಳಿದ ಮಕ್ಕಳಿಗೆ ಮಾತ್ರ, ಕೋಣೆಯಲ್ಲಿ ಗದ್ದಲ ಕಡಿಮೆಯಾದರೂ, ಲಾಭವಾಗಲಿಲ್ಲ. ಅಂದರೆ ಮಕ್ಕಳ ಸಂಖ್ಯೆ ಇಳಿಸಿದ ಮಾತ್ರಕ್ಕೆ ಕಲಿಕೆ ಬರುವುದಿಲ್ಲ.

ನೀವು ಮಾಡಬೇಕಾದದ್ದು ಇಷ್ಟು. ಮೊದಲ ದಿನ ಪಾಠ ಬೇಡ. ಒಂದೊಂದೇ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದನೆಯ ತರಗತಿಯ ಮಟ್ಟದ ನಾಲ್ಕು ಸಾಲು ಓದಿಸಿ. ತಡವರಿಸದೆ, ಮೂರಕ್ಕಿಂತ ಹೆಚ್ಚು ತಪ್ಪಿಲ್ಲದೆ ಓದಿದರೆ ಎರಡನೆಯ ತರಗತಿಯ ಕಥೆ ಕೊಡಿ. ಓದದಿದ್ದರೆ ಐದು ಬಿಡಿ ಪದ. ಅದರಲ್ಲಿ ನಾಲ್ಕಾದರೂ ಬರದಿದ್ದರೆ ಐದು ಅಕ್ಷರ. ಮಗುವಿನ ಶಾಲೆಯ ತರಗತಿ ಯಾವುದು ಎಂಬುದನ್ನು ಮರೆತು, ನಿಂತ ಮಟ್ಟಕ್ಕೆ ತಕ್ಕ ಗುಂಪು ಮಾಡಿ. ಐದನೆಯವನೂ ಮೂರನೆಯವಳೂ ಒಂದೇ ಚಾಪೆಯ ಮೇಲೆ ಕೂರಬಹುದು, ನಾಚಿಕೆಯ ಮಾತಲ್ಲ.

ಕನ್ನಡದಲ್ಲಿ ಒಂದು ಮೋಸವಿದೆ. ‘ಅಮ್ಮ’ ಎಂಬುದನ್ನು ಮಗು ಚಿತ್ರದಂತೆ ಗುರುತಿಸಿಬಿಡುತ್ತದೆ, ಓದುವುದಿಲ್ಲ. ‘ಹಮ್ಮು’ ಕೊಟ್ಟು ನೋಡಿ. ‘ಹಮು’ ಎಂದರೆ ಒತ್ತಕ್ಷರ ಕೂತಿಲ್ಲ, ‘ಹಮ್ಮ’ ಎಂದರೆ ಉಕಾರ ತಪ್ಪಿದೆ. ಹೀಗೆ ತಪ್ಪು ಎಲ್ಲಿದೆ ಎಂದು ಗೊತ್ತಾದರೆ ಅರ್ಧ ಕೆಲಸ ಆದಂತೆ. ವ, ಪ, ಮ ಬೆರೆಸುವ ಮಕ್ಕಳಿಗೆ ಮೂರನ್ನೂ ಒಟ್ಟಿಗೆ ಕಲಿಸಬೇಡಿ. ಮರಾಠಿ ಶಾಲೆಗೆ ಹೋಗುವ ಮಗುವಿಗೆ ದೇವನಾಗರಿಯಲ್ಲಿ ಓದು ಬರುತ್ತದೆಯೇ ಎಂದು ಮೊದಲು ನೋಡಿ; ಬಂದರೆ ಅದಕ್ಕೆ ಲಿಪಿ ಮಾತ್ರ ಹೊಸದು, ಓದುವ ಕಲೆಯಲ್ಲ. ಹತ್ತು–ಹದಿನೈದು ದಿನಕ್ಕೊಮ್ಮೆ ಮತ್ತೆ ಪರೀಕ್ಷಿಸಿ ಗುಂಪು ಬದಲಿಸಿ.

ಕೆಡುವುದು ಎಲ್ಲಿ ಎಂಬುದೂ ಪರೀಕ್ಷೆಗಳಿಂದಲೇ ಗೊತ್ತಾಗಿದೆ. ಬಿಹಾರ, ಉತ್ತರಾಖಂಡದ ಶಾಲೆಗಳಿಗೆ ಪ್ರಥಮ್‌ನ ಪುಸ್ತಕ ಕೊಟ್ಟು, ಶಿಕ್ಷಕರಿಗೆ ತರಬೇತಿ ಕೊಟ್ಟರೂ ಉಪಯೋಗವಾಗಲಿಲ್ಲ. ಉತ್ತರಾಖಂಡದಲ್ಲಿ ಸ್ವಯಂಸೇವಕರನ್ನು ಶಾಲೆಯ ಮಾಮೂಲಿ ಕೆಲಸಕ್ಕೆ ಹಚ್ಚಿಬಿಟ್ಟಿದ್ದರು. ಹರಿಯಾಣದಲ್ಲಿ ಇದಕ್ಕೆಂದೇ ದಿನಕ್ಕೊಂದು ಗಂಟೆ ಎತ್ತಿಟ್ಟು, ಮಟ್ಟಕ್ಕೆ ತಕ್ಕಂತೆ ಮಕ್ಕಳನ್ನು ಕೂರಿಸಿದ ಮೇಲೆ ಓದು ಏರಿತು. ಆದ್ದರಿಂದ ನಿಮ್ಮ ಸಂಜೆಯ ಹೊತ್ತನ್ನು ಹೋಂವರ್ಕ್ ನುಂಗದಂತೆ ನೋಡಿಕೊಳ್ಳಿ. ತಾಯಂದಿರು ‘ಶಾಲೆಯದ್ದು ಮೊದಲು ಮುಗಿಸಿ’ ಎಂದು ಒತ್ತಾಯಿಸುತ್ತಾರೆ, ಅಲ್ಲೇ ಜಾರುವುದು. ಇನ್ನೊಂದು ಮಾತು: ಬಾಲಸಖಿ ಬಿಟ್ಟು ಒಂದು ವರ್ಷವಾದ ಮೇಲೆ ಅಳೆದಾಗ ಮಕ್ಕಳ ಗಳಿಕೆಯ ಬಹುಪಾಲು ಕರಗಿತ್ತು. ಓದು ಬಂದ ಮಗುವನ್ನು ಕೈಬಿಡದೆ, ವಾರಕ್ಕೊಂದು ಪುಸ್ತಕವನ್ನಾದರೂ ಕೈಗಿಡಿ.

ಪ್ರಶ್ನೆ: ಇಂಥ ಅಧ್ಯಯನಗಳಲ್ಲಿ ಚೀಟಿ ಎತ್ತಿ ಕೆಲವರಿಗೆ ಕೊಡುತ್ತಾರೆ, ಕೆಲವರನ್ನು ಬಿಡುತ್ತಾರೆ. ಬಡವರ ಮಕ್ಕಳ ಮೇಲೆ ಹೀಗೆ ಮಾಡುವುದು ನ್ಯಾಯವೇ?
— ಓದುಗರು, ಮುಲುಂಡ್

ಉತ್ತರ: ಎಲ್ಲರಿಗೂ ಕೊಡುವಷ್ಟು ಹಣವಿಲ್ಲದಾಗ ಯಾರಿಗೆ ಮೊದಲು ಎಂಬುದನ್ನು ಹೇಗೂ ಯಾರಾದರೂ ನಿರ್ಧರಿಸುತ್ತಾರೆ, ವಶೀಲಿಗಿಂತ ಚೀಟಿ ಮೇಲು. ಬಾಲಸಖಿಯಲ್ಲಂತೂ ಅರ್ಧ ಶಾಲೆಗಳಿಗೆ ಮೂರನೆಯ ತರಗತಿಗೆ, ಉಳಿದರ್ಧಕ್ಕೆ ನಾಲ್ಕನೆಯ ತರಗತಿಗೆ ಕೊಟ್ಟಿದ್ದರು. ಹೋಲಿಕೆಯೂ ಆಯಿತು, ಯಾವ ಶಾಲೆಯೂ ಬರಿಗೈಯಲ್ಲಿ ಉಳಿಯಲಿಲ್ಲ. ಆದರೆ ಕೆಲಸ ಮಾಡುತ್ತದೆ ಎಂದು ಆಗಲೇ ಖಚಿತವಾದ ಮದ್ದನ್ನು ಪರೀಕ್ಷೆಯ ಹೆಸರಿನಲ್ಲಿ ತಡೆಹಿಡಿದರೆ, ನಿಮ್ಮ ಸಿಟ್ಟು ನ್ಯಾಯವೇ.

ಪ್ರಶ್ನೆ: ನಮ್ಮ ಲೈನಿನಲ್ಲಿ ಮಳೆಗಾಲಕ್ಕೆ ಮಕ್ಕಳಿಗೆ ಭೇದಿ ತಪ್ಪದು. ಮೂರು ವರ್ಷದ ಮಗನಿಗೆ ಓಆರ್‌ಎಸ್ ಪ್ಯಾಕೆಟ್ಟಿನ ಅರ್ಧವನ್ನು ಲೋಟದ ನೀರಿಗೆ ಹಾಕಿ ಕೊಟ್ಟೆವು. ಭೇದಿ ನಿಲ್ಲಲಿಲ್ಲ, ಮಗು ಇನ್ನೂ ಬಾಯಾರಿ ಅತ್ತಿತು. ಇದು ಬರೀ ಪ್ರಚಾರವೇ?
— ಓದುಗರು, ಝುವಾರಿನಗರ, ವಾಸ್ಕೊ

ಉತ್ತರ: ಪ್ರಚಾರವಲ್ಲ, ತಪ್ಪಿದ್ದು ಅಳತೆ. ದೊಡ್ಡ ಪ್ಯಾಕೆಟ್ಟು ಇರುವುದು ಒಂದು ಲೀಟರ್ ನೀರಿಗೆ. ಅದರ ಅರ್ಧವನ್ನು 200 ಮಿ.ಲೀ. ಲೋಟಕ್ಕೆ ಸುರಿದರೆ ದ್ರಾವಣ ಎರಡೂವರೆ ಪಟ್ಟು ಗಟ್ಟಿ. ಸರಿಯಾದ ದ್ರಾವಣದಲ್ಲಿ ಲೀಟರಿಗೆ 75 ಮಿಲಿಮೋಲ್ ಸೋಡಿಯಂ, ಅಂದರೆ ಉಪ್ಪಿನ ಅಂಶ, ಇರುತ್ತದೆ. ನಿಮ್ಮ ಲೋಟದಲ್ಲಿದ್ದದ್ದು ಸುಮಾರು 187, ರಕ್ತದಲ್ಲಿ ಇರುವುದಕ್ಕಿಂತಲೂ ಹೆಚ್ಚು. ಅದು ದಾಹ ತಣಿಸುವ ಬದಲು ಹೆಚ್ಚಿಸುತ್ತದೆ, ಅಪಾಯವೂ ಹೌದು. 200 ಮಿ.ಲೀ.ಗೆಂದೇ ಚಿಕ್ಕ ಪ್ಯಾಕೆಟ್ಟು ಸಿಗುತ್ತದೆ. ಯಾವುದಾದರೂ ಸರಿ, ಎಷ್ಟು ನೀರಿಗೆ ಎಂದು ಓದಿ, ಪೂರ್ತಿ ಪ್ಯಾಕೆಟ್ಟು ಒಮ್ಮೆಗೇ ಕರಗಿಸಿ. ಲೀಟರ್ ಅಳೆಯಲು ಬಿಸ್ಲೇರಿ ಬಾಟಲಿ ಸಾಕು. ನೀರು ಕುದಿಸಿ ಆರಿಸಿದ್ದಿರಲಿ, 24 ಗಂಟೆ ಕಳೆದದ್ದನ್ನು ಚೆಲ್ಲಿ.

ಇದು ಭೇದಿ ನಿಲ್ಲಿಸುವ ಮದ್ದೇ ಅಲ್ಲ, ಹೋದ ನೀರು–ಉಪ್ಪನ್ನು ತುಂಬುವ ಮದ್ದು. ಕರುಳಿನಲ್ಲಿ ಗ್ಲೂಕೋಸ್ ಒಳಹೋಗುವಾಗ ಸೋಡಿಯಂ ಅನ್ನು ಜೊತೆಗೆ ಕರೆದೊಯ್ಯುತ್ತದೆ, ಅದರ ಬೆನ್ನಿಗೆ ನೀರು. ಸಕ್ಕರೆ ಹೆಚ್ಚಾದರೆ ಇದೇ ಲೆಕ್ಕ ತಿರುಗುಮುರುಗಾಗಿ ನೀರು ಕರುಳಿಗೇ ಬರುತ್ತದೆ. ಅದಕ್ಕೇ ಕೋಲಾ, ಡಬ್ಬಿಯ ಹಣ್ಣಿನ ರಸ ಬೇಡವೆನ್ನುವುದು. 1971ರಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಸಲೈನ್ ಮುಗಿದಾಗ ಡಾ. ದಿಲೀಪ್ ಮಹಲನಬಿಸ್ ಡ್ರಮ್ಮುಗಳಲ್ಲಿ ಇಂಥದ್ದೇ ದ್ರಾವಣ ಕಲಸಿ ಕುಡಿಸಿದರು; ಕಾಲರಾ ಸಾವು ಸುಮಾರು ಶೇ. 30ರಿಂದ 3.6ಕ್ಕೆ ಇಳಿಯಿತು.

ಪ್ಯಾಕೆಟ್ಟು ಇಲ್ಲದಾಗ: ಒಂದು ಲೀಟರ್ ನೀರು, ತಲೆತಟ್ಟಿದ ಆರು ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ನಾಲಿಗೆಗೆ ಕಣ್ಣೀರಿಗಿಂತ ಉಪ್ಪೆನಿಸಿದರೆ ಚೆಲ್ಲಿ ಮತ್ತೆ ಮಾಡಿ. ಪ್ರತಿ ಭೇದಿಯ ನಂತರ ಎರಡು ವರ್ಷದೊಳಗಿನವರಿಗೆ 50–100 ಮಿ.ಲೀ., ದೊಡ್ಡ ಮಕ್ಕಳಿಗೆ 100–200. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು, ಎರಡು–ಮೂರು ನಿಮಿಷಕ್ಕೊಂದು ಚಮಚ. ಗಂಜಿ, ಎದೆಹಾಲು ನಿಲ್ಲಿಸಬೇಡಿ. ಜೊತೆಗೆ ಸತು, ಅಂದರೆ ಜಿಂಕ್ ಮಾತ್ರೆ: ಆರು ತಿಂಗಳು ದಾಟಿದವರಿಗೆ ದಿನಕ್ಕೆ 20 ಮಿ.ಗ್ರಾಂ, ಚಿಕ್ಕವರಿಗೆ 10, ಹದಿನಾಲ್ಕು ದಿನ. ಭೇದಿ ನಿಂತ ದಿನವೇ ಇದನ್ನು ಬಿಟ್ಟುಬಿಡುವವರೇ ಹೆಚ್ಚು. ಕಣ್ಣು ಗುಳಿಬಿದ್ದು ಮಗು ಮಂಕಾದರೆ, ಕುಡಿಯಲಾರದಾದರೆ, ಭೇದಿಯಲ್ಲಿ ರಕ್ತ ಕಂಡರೆ ಆಸ್ಪತ್ರೆಗೆ ಓಡಿ.

ಪ್ರಶ್ನೆ: ಸೊಸೆಗೆ ಈಗ ನಾಲ್ಕು ತಿಂಗಳು. ನಾವು ಸಸ್ಯಾಹಾರಿಗಳು. ಸೊಪ್ಪು, ಹಣ್ಣು ಹೆಚ್ಚು ಕೊಟ್ಟರೆ ಕೂಸು ತೂಕವಾಗಿ ಹುಟ್ಟುವುದು ನಿಜವೇ?
— ಓದುಗರು, ಡೊಂಬಿವಲಿ

ಉತ್ತರ: ಮುಂಬಯಿಯ ಕೊಳೆಗೇರಿಗಳಲ್ಲಿ 6,500ಕ್ಕೂ ಹೆಚ್ಚು ಹೆಂಗಸರೊಡನೆ ಇದನ್ನೇ ಪರೀಕ್ಷಿಸಿದ್ದಾರೆ. ಅರ್ಧ ಜನಕ್ಕೆ ಸೊಪ್ಪು, ಹಣ್ಣು, ಹಾಲಿನಪುಡಿ ತುಂಬಿದ ತಿನಿಸು, ಉಳಿದವರಿಗೆ ಆಲೂಗಡ್ಡೆ–ಈರುಳ್ಳಿಯಂಥದರ ತಿನಿಸು. ಒಟ್ಟಾರೆ ನೋಡಿದರೆ ಕೂಸಿನ ತೂಕದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಬರಲಿಲ್ಲ. ಬಸಿರಾಗುವುದಕ್ಕೆ ಮೂರು ತಿಂಗಳು ಮೊದಲೇ ತಿನ್ನಲು ಶುರುಮಾಡಿದವರಲ್ಲಿ ಮಾತ್ರ ಸರಾಸರಿ 48 ಗ್ರಾಂ ಏರಿತು. ತೀರಾ ತೆಳ್ಳಗಿದ್ದವರಿಗೆ ಆ ಲಾಭವೂ ಇಲ್ಲ. ಆದರೆ ಬಸುರಿನ ಸಕ್ಕರೆ ಕಾಯಿಲೆ ಶೇ. 12.4ರ ಬದಲು 7.3ರಷ್ಟು ಹೆಂಗಸರಲ್ಲಷ್ಟೇ ಕಂಡಿತು. ಆದ್ದರಿಂದ ಸೊಪ್ಪು ಕೊಡಿ, ತೂಕದ ಆಸೆಗಲ್ಲ.

ತೂಕವೊಂದನ್ನೇ ನೋಡಬಾರದೆಂಬುದನ್ನು ಪುಣೆಯ ಹತ್ತಿರದ ಹಳ್ಳಿಗಳಲ್ಲಿ 1993ರಿಂದ ಡಾ. ಸಿ. ಎಸ್. ಯಾಜ್ಞಿಕ್ ತಂಡ ನಡೆಸಿದ ಅಧ್ಯಯನ ತೋರಿಸಿತು. ಅಲ್ಲಿಯ ಕೂಸುಗಳು ಸರಾಸರಿ 2.7 ಕಿಲೊ, ಇಂಗ್ಲೆಂಡಿನ ಸೌತಾಂಪ್ಟನ್‌ನವು 3.5, ಆದರೂ ಚರ್ಮದಡಿಯ ಕೊಬ್ಬಿನಲ್ಲಿ ನಮ್ಮವು ಅಷ್ಟೇನೂ ಹಿಂದಿರಲಿಲ್ಲ. ಸಣಕಲು ಮೈ, ಒಳಗೆ ಕೊಬ್ಬು. ಆ ತಾಯಂದಿರಲ್ಲಿ ಬಿ12 ಜೀವಸತ್ವದ ಕೊರತೆ ಬಹಳವಿತ್ತು. ನಿಮ್ಮ ಮನೆಗೆ ಇದೇ ಮುಖ್ಯ. ಸೊಪ್ಪಿನಲ್ಲಿ ಬಿ12 ಇಲ್ಲ, ಹಾಲು–ಮೊಸರಿನಲ್ಲಿದೆ. ಫೋಲಿಕ್ ಆಸಿಡ್ ನುಂಗಿದರೆ ರಕ್ತಹೀನತೆ ಸರಿಹೋದಂತೆ ಕಂಡು ಬಿ12 ಕೊರತೆ ಅಡಗಿಕೊಳ್ಳಬಹುದು. ವೈದ್ಯರಿಗೆ ಹೇಳಿ ಪರೀಕ್ಷೆ ಮಾಡಿಸಿ. ಕಬ್ಬಿಣದ ಮಾತ್ರೆಯನ್ನು ಚಹಾ ಜೊತೆ ಕೊಡಬೇಡಿ. ಕ್ಯಾಲ್ಸಿಯಂ ಮಾತ್ರೆಗೂ ಅದಕ್ಕೂ ಎರಡು ಗಂಟೆ ಅಂತರವಿರಲಿ.

ಪ್ರಶ್ನೆ: ಖಾನಾಪುರದಲ್ಲಿ ನಮ್ಮ ಗದ್ದೆಯನ್ನು ತಮ್ಮ ನೋಡಿಕೊಳ್ಳುತ್ತಾನೆ. ನಾಟಿಯಾದ ಮೇಲೆ ಯೂರಿಯಾ ಯಾವಾಗ ಹಾಕಬೇಕೆಂದು ಎಲೆಯ ಬಣ್ಣ ನೋಡಿ ಹೇಳುವ ಪಟ್ಟಿ ಇದೆಯಂತೆ. ನಂಬಬಹುದೇ?
— ಓದುಗರು, ಕಾತ್ರಜ್, ಪುಣೆ

ಉತ್ತರ: ನಂಬಬಹುದು. ನಾಟಿಯಾಗಿ 14 ದಿನವಾದ ಮೇಲೆ, ತೆನೆ ಹೂ ಬಿಡುವವರೆಗೆ, 7–10 ದಿನಕ್ಕೊಮ್ಮೆ ಬೆಳಿಗ್ಗೆ ಎಂಟರಿಂದ ಹತ್ತರೊಳಗೆ ನೋಡಿ. ಹತ್ತು ಗಿಡ ಆರಿಸಿ, ಪೂರ್ತಿ ಬಿಚ್ಚಿದ ಮೇಲಿನ ಎಲೆಯ ನಡುಭಾಗವನ್ನು ಕೀಳದೆ ಪಟ್ಟಿಯ ಮೇಲಿಟ್ಟು ಹೋಲಿಸಿ. ಸೂರ್ಯನಿಗೆ ಬೆನ್ನು ಕೊಟ್ಟು ಮೈ ನೆರಳಲ್ಲೇ ನೋಡಬೇಕು. ಬಿಸಿಲು ಬಿದ್ದರೆ ಹಸಿರು ತೆಳುವಾಗಿ ಕಂಡು ಸುಮ್ಮನೆ ಯೂರಿಯಾ ಸುರಿಯುತ್ತೀರಿ. ಆರು ಎಲೆಯಾದರೂ ಪಟ್ಟಿಯ 4ನೆಯ ಬಣ್ಣಕ್ಕಿಂತ ತಿಳಿಯಾಗಿದ್ದರೆ ಎಕರೆಗೆ 20 ಕಿಲೊ ಯೂರಿಯಾ. ಪ್ರತಿ ಬಾರಿಯೂ ಒಬ್ಬನೇ ನೋಡಲಿ, ಒಬ್ಬೊಬ್ಬರ ಕಣ್ಣು ಒಂದೊಂದು ತರ. ಜವಾರಿ ತಳಿಯಾದರೆ ಎಲೆ ಹುಟ್ಟಾ ತಿಳಿಹಸಿರು; ಅದಕ್ಕೆ 4ರ ಲೆಕ್ಕ ಹಾಕಿದರೆ ಗೊಬ್ಬರ ಹೆಚ್ಚಾಗಿ ಪೈರು ಮಲಗುತ್ತದೆ, 3ಕ್ಕೆ ಇಳಿಸಿ.