ಹಾಡಿನ ಪೆಟ್ಟಿಗೆ: ಯಾವ ಎಲ್‌ಪಿಯಲ್ಲೂ ಸಿಗದ ಹಾಡು

ಕಳೆದ ಸಂಚಿಕೆಯಲ್ಲಿ ಇಂಗ್ಲೆಂಡಿನ ಬ್ಯಾಂಡ್ ಆದ ಬೀಟಲ್ಸ್‌ನವರ ‘ಪಾಸ್ಟ್ ಮಾಸ್ಟರ್ಸ್’ ಸಂಗ್ರಹದ ಹೆಸರನ್ನು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದೆ. ಅದನ್ನೇ ಹಿಡಿದು ಆರು ಪತ್ರ ಬಂದಿವೆ. ಈ ಸಲ ಬೇರೆ ಪ್ರಶ್ನೆಗಳನ್ನೆಲ್ಲ ಪಕ್ಕಕ್ಕಿಟ್ಟು ಅವಕ್ಕಷ್ಟೇ ಉತ್ತರ ಬರೆಯುತ್ತಿದ್ದೇನೆ. ಹೊಸದಾಗಿ ಓದುತ್ತಿರುವವರಿಗೆ ಒಂದು ಮಾತು: ನಾನು ವಿರಾಜಪೇಟೆಯಲ್ಲಿ ಹದಿನೈದು ವರ್ಷ ಕ್ಯಾಸೆಟ್ ಅಂಗಡಿ ಇಟ್ಟಿದ್ದವನು. ಜನ ಖಾಲಿ ಕ್ಯಾಸೆಟ್ಟಿನ ಜೊತೆ ಹಾಡಿನ ಚೀಟಿ ಕೊಟ್ಟು ಹೋಗುತ್ತಿದ್ದರು, ಮುಂದಿನ ವಾರ ಸಂತೆಗೆ ಬಂದಾಗ ತುಂಬಿಸಿ ಕೊಡುತ್ತಿದ್ದೆ.

ಅಪ್ಪನಿಗೆ ಮುಂದಿನ ತಿಂಗಳು ಎಪ್ಪತ್ತೈದು ತುಂಬುತ್ತದೆ. ಮಿಲಿಟರಿಯಲ್ಲಿದ್ದಾಗ ಕೊಂಡ ಬೀಟಲ್ಸ್ ಎಲ್‌ಪಿಗಳು ಮನೆಯಲ್ಲಿ ಒಂಬತ್ತು ಇವೆ. ಆದರೆ ಕಾಫಿ ಕಣದಲ್ಲಿ ಓಡಾಡುವಾಗೆಲ್ಲ ಅವರು ಗುನುಗುವುದು ‘ಹೇ ಜೂಡ್’. ಒಂಬತ್ತನ್ನೂ ತಿರುಗಿಸಿ ನೋಡಿದೆ, ಆ ಹಾಡು ಯಾವುದರಲ್ಲೂ ಇಲ್ಲ. ಒಂದು ರೆಕಾರ್ಡು ಕಳೆದುಹೋಗಿದೆಯಾ? ಅವರಿಗೆ ‘1’ ಅನ್ನುವ ಸಿ.ಡಿ. ತಂದುಕೊಟ್ಟರೆ ಸಾಕಾ?
— ಓದುಗರೊಬ್ಬರು, ಸಿದ್ದಾಪುರ

ಏನೂ ಕಳೆದುಹೋಗಿಲ್ಲ. ಒಂಬತ್ತಲ್ಲ, ಬ್ರಿಟನ್ನಿನಲ್ಲಿ ಅವರು ತಂದ ಹನ್ನೆರಡು ಎಲ್‌ಪಿಗಳೂ ಮನೆಯಲ್ಲಿದ್ದರೂ ನಿಮಗೆ ‘ಹೇ ಜೂಡ್’ ಸಿಗುತ್ತಿರಲಿಲ್ಲ.

ಆಗಿನ ಪದ್ಧತಿ ಹಾಗಿತ್ತು. ಎಲ್‌ಪಿ ಅಂದರೆ ದೊಡ್ಡ ತಟ್ಟೆ, ನಿಮಿಷಕ್ಕೆ ಮೂವತ್ತಮೂರು ಚಿಲ್ಲರೆ ಸುತ್ತು, ಹತ್ತು ಹದಿನಾಲ್ಕು ಹಾಡು. ಸಿಂಗಲ್ ಅಂದರೆ ಚಿಕ್ಕ ತಟ್ಟೆ, 45 ಸುತ್ತು, ಆ ಕಡೆ ಒಂದು ಈ ಕಡೆ ಒಂದು ಹಾಡು. ಸಿಂಗಲ್ಲಿಗೆ ಒಮ್ಮೆ ದುಡ್ಡು ಕೊಟ್ಟ ಹುಡುಗನಿಂದ ಅದೇ ಹಾಡಿಗೆ ಎಲ್‌ಪಿಯಲ್ಲಿ ಇನ್ನೊಮ್ಮೆ ದುಡ್ಡು ತೆಗೆದುಕೊಳ್ಳಬಾರದು ಎಂಬ ಭಾವನೆ ಬ್ರಿಟನ್ನಿನಲ್ಲಿತ್ತು. ಅದಕ್ಕೇ ಬೀಟಲ್ಸ್‌ನವರು ಎಷ್ಟೋ ಸಿಂಗಲ್‌ಗಳನ್ನು ಎಲ್‌ಪಿಗೆ ಸೇರಿಸಲೇ ಇಲ್ಲ. ‘ಹೇ ಜೂಡ್’ ಹೊರಬಂದದ್ದು 1968ರ ಆಗಸ್ಟ್ ಕೊನೆಗೆ. ಅದೇ ನವೆಂಬರಿನಲ್ಲಿ ಬಿಳಿ ರಟ್ಟಿನ ಜೋಡಿ ಎಲ್‌ಪಿ ಬಂತು. ಮೂವತ್ತು ಹಾಡು ತುಂಬಿದರು, ‘ಹೇ ಜೂಡ್’ ಮಾತ್ರ ಇಲ್ಲ. ಅಮೆರಿಕದಲ್ಲಿ ಒಂಬತ್ತು ವಾರ ಒಂದನೇ ಸ್ಥಾನದಲ್ಲಿದ್ದ ಹಾಡು ಅದು. ಅಂಥದ್ದನ್ನು ಹೊಸ ಎಲ್‌ಪಿಯಿಂದ ಹೊರಗಿಟ್ಟರಲ್ಲ, ಅದಕ್ಕಾಗಿ ಅವರ ಮೇಲೆ ನನಗಿರುವ ಗೌರವ ದೊಡ್ಡದು.

1987ರಲ್ಲಿ ಅವರ ಎಲ್‌ಪಿಗಳೆಲ್ಲ ಮೊದಲ ಸಲ ಸಿ.ಡಿ.ಗೆ ಬಂದವು. ಬ್ರಿಟನ್ನಿನ ಹನ್ನೆರಡಕ್ಕೆ ಅಮೆರಿಕದ ‘ಮ್ಯಾಜಿಕಲ್ ಮಿಸ್ಟರಿ ಟೂರ್’ ಸೇರಿ ಹದಿಮೂರು. ಆದರೂ ಮೂವತ್ತಮೂರು ರೆಕಾರ್ಡಿಂಗ್ ಹೊರಗೇ ಉಳಿದವು. ಸಿಂಗಲ್‌ಗಳು, ಅವುಗಳ ಬಿ ಸೈಡು ಅಂದರೆ ತಟ್ಟೆಯ ಹಿಂಬದಿಯ ಹಾಡು, ನಾಲ್ಕೇ ಹಾಡಿನ ಒಂದು ಇ.ಪಿ., ಜರ್ಮನ್ ಭಾಷೆಯಲ್ಲಿ ಹಾಡಿದ ಎರಡು, ದಾನಕ್ಕೆಂದು ಕೊಟ್ಟ ಒಂದು. ಅವನ್ನೆಲ್ಲ ಇಸವಿ ಪ್ರಕಾರ ಜೋಡಿಸಿ 1988ರ ಮಾರ್ಚ್ 7ರಂದು ಎರಡು ಭಾಗ ಮಾಡಿ ತಂದದ್ದೇ ‘ಪಾಸ್ಟ್ ಮಾಸ್ಟರ್ಸ್’. ಮೊದಲನೆಯದರಲ್ಲಿ ಹದಿನೆಂಟು, ಎರಡನೆಯದರಲ್ಲಿ ಹದಿನೈದು. 2009ರಿಂದ ಎರಡೂ ಒಂದೇ ಕಟ್ಟಿನಲ್ಲಿ ಬರುತ್ತಿವೆ. ಜೋಡಿ ಎಲ್‌ಪಿಯೂ ಇದೆ. ಅಪ್ಪನ ಪ್ಲೇಯರ್ ಸುಸ್ಥಿತಿಯಲ್ಲಿದ್ದರೆ ಅದನ್ನೇ ತನ್ನಿ.

‘1’ ಕೆಟ್ಟದ್ದಲ್ಲ. 2000ದಲ್ಲಿ ಬಂದದ್ದು, ಇಪ್ಪತ್ತೇಳು ಹಾಡು, ‘ಹೇ ಜೂಡ್’ ಅದರಲ್ಲೂ ಇದೆ. ಮನೆಯಲ್ಲಿ ಬೀಟಲ್ಸ್ ಒಂದೂ ಇಲ್ಲದವರಿಗೆ ನಾನೂ ಅದನ್ನೇ ಹೇಳುತ್ತೇನೆ. ಆದರೆ ಅದರಲ್ಲಿನ ಎಷ್ಟೋ ಹಾಡು ನಿಮ್ಮ ಅಪ್ಪನ ಕಪಾಟಿನಲ್ಲಿ ಆಗಲೇ ಇವೆ. ‘ಪಾಸ್ಟ್ ಮಾಸ್ಟರ್ಸ್’ನಲ್ಲಿ ಇರುವುದೆಲ್ಲ ಅವರ ಎಲ್‌ಪಿಗಳಲ್ಲಿ ಇಲ್ಲದ್ದೇ. ‘ಲೆಟ್ ಇಟ್ ಬಿ’ ಎರಡರಲ್ಲೂ ಕಾಣುತ್ತದೆ, ನಿಜ. ಆದರೆ ನಡುವಿನ ಗಿಟಾರ್ ಬೇರೆ: ಎಲ್‌ಪಿಯಲ್ಲಿ ಒರಟು, ಸಿಂಗಲ್ಲಿನಲ್ಲಿ ಮೆತ್ತಗೆ. ಎರಡನ್ನೂ ಒಂದಾದ ಮೇಲೊಂದು ಹಾಕಿ ಅಪ್ಪನನ್ನು ಕೇಳಿ ನೋಡಿ, ಥಟ್ಟನೆ ಹೇಳುತ್ತಾರೆ.

ಸಿ.ಡಿ. ತಂದರೆ ‘ಹೇ ಜೂಡ್’ ಇರುವುದು ಎರಡನೇ ಡಿಸ್ಕಿನ ಏಳನೇ ಹಾಡಾಗಿ. ಏಳು ನಿಮಿಷ ಹನ್ನೊಂದು ಸೆಕೆಂಡು. ಅದರಲ್ಲಿ ಹೆಚ್ಚುಕಡಿಮೆ ನಾಲ್ಕು ನಿಮಿಷ ಕೊನೆಯ ಗುಂಪುಹಾಡೇ. ಮೂವತ್ತಾರು ಜನರ ವಾದ್ಯವೃಂದ ಕರೆಸಿದ್ದರು. ವಾದ್ಯ ನುಡಿಸಿದ್ದಲ್ಲದೆ ಚಪ್ಪಾಳೆ ತಟ್ಟಿ ಹಾಡುವುದಕ್ಕೂ ಅವರನ್ನೇ ನಿಲ್ಲಿಸಿದರು. ನಿಮ್ಮ ಅಪ್ಪ ಕಣದಲ್ಲಿ ಗುನುಗುವುದು ಆ ನಾಲ್ಕು ನಿಮಿಷವನ್ನೇ ಇರಬೇಕು. ಅಷ್ಟು ಹೊತ್ತು ಎಲ್ಲರೂ ಸುಮ್ಮನೆ ಕೂತಿರಿ, ಕೇಕು ಆಮೇಲೆ ಕತ್ತರಿಸಬಹುದು.

ಸಾರ್, ನನ್ನ ಫೋನಿನಲ್ಲಿ ‘ಲವ್ ಮಿ ಡು’ ಎರಡು ಕಡೆ ಇದೆ, ಎರಡೂ ಬೇರೆ ಥರ ಕೇಳುತ್ತವೆ. ‘ಪಾಸ್ಟ್ ಮಾಸ್ಟರ್ಸ್’ನಲ್ಲಿ ಇರುವುದು ಸ್ವಲ್ಪ ಮಂಕು. ನನ್ನ ಇಯರ್‌ಫೋನ್ ಸರಿಯಿಲ್ಲವಾ?
— ಕಾಲೇಜು ವಿದ್ಯಾರ್ಥಿನಿ, ಮಡಿಕೇರಿ

ನಿಮ್ಮ ಕಿವಿ ಚೆನ್ನಾಗಿದೆ ಮಗಳೇ, ಇಯರ್‌ಫೋನೂ ಸರಿಯಿದೆ.

1962ರ ಸೆಪ್ಟೆಂಬರ್ 4ರಂದು ಆ ಹಾಡನ್ನು ರೆಕಾರ್ಡು ಮಾಡಿದಾಗ ಡ್ರಮ್ ನುಡಿಸಿದ್ದು ರಿಂಗೋ ಸ್ಟಾರ್. ಬ್ಯಾಂಡಿಗೆ ಸೇರಿ ಇನ್ನೂ ಒಂದು ತಿಂಗಳೂ ಆಗಿರಲಿಲ್ಲ. ಅದು ಸ್ಟುಡಿಯೋದವರಿಗೆ ಒಪ್ಪಿಗೆಯಾಗಲಿಲ್ಲ. ವಾರ ಬಿಟ್ಟು, 11ರಂದು, ಆ್ಯಂಡಿ ವೈಟ್ ಎಂಬ ಅನುಭವಿಯನ್ನು ಕರೆಸಿ ಡ್ರಮ್ಮಿಗೆ ಕೂರಿಸಿದರು. ರಿಂಗೋ ಕೈಗೆ ಟ್ಯಾಂಬುರಿನ್ ಕೊಟ್ಟರು. ಗುರುತು ಹಿಡಿಯುವುದು ಸುಲಭ. ನಮ್ಮ ಖಂಜಿರದ ಅಂಚಿನ ಬಿಲ್ಲೆಗಳ ಹಾಗೆ ಝಲ್ ಝಲ್ ಅನ್ನುವ ಸದ್ದು ಹಾಡಿನುದ್ದಕ್ಕೂ ಇದ್ದರೆ ಅದು ವೈಟ್ ನುಡಿಸಿದ್ದು. ಆ ಸದ್ದು ಇಲ್ಲದಿದ್ದರೆ ರಿಂಗೋದು. ಅಕ್ಟೋಬರ್ 5ಕ್ಕೆ ಬಂದ ಮೊದಲ ಸಿಂಗಲ್ಲಿನಲ್ಲಿ ಇದ್ದದ್ದು ರಿಂಗೋ ನುಡಿಸಿದ್ದು, ಮರುವರ್ಷದ ಎಲ್‌ಪಿಗೆ ಹೋದದ್ದು ವೈಟ್ ನುಡಿಸಿದ್ದು.

ಮಂಕಿಗೆ ಕಾರಣ ಇನ್ನೊಂದು. ರಿಂಗೋ ನುಡಿಸಿದ ಮೂಲ ಟೇಪು ಉಳಿದಿಲ್ಲ. ಸಂಗ್ರಹ ಮಾಡುವಾಗ ಆ ಕಾಲದ ಒಂದು ಸಿಂಗಲ್ ತಟ್ಟೆಯನ್ನೇ ಹಾಕಿ ಅದರಿಂದ ಇಳಿಸಿಕೊಂಡರು. ಜಗತ್ತೆಲ್ಲ ಹೆಸರು ಮಾಡಿದ ಬ್ಯಾಂಡಿನ ಮೊದಲ ಸಿಂಗಲ್ಲು ಇವತ್ತು ನಿಮ್ಮ ಫೋನಿಗೆ ಬಂದಿರುವುದು ಗೀರು ಬೀಳದ ಹಾಗೆ ಉಳಿದ ಒಂದು ತಟ್ಟೆಯಿಂದ. ಮನೆಯ ಹಳೇ ರೆಕಾರ್ಡು ಗುಜರಿಗೆ ಹಾಕಬೇಡಿ ಅಂತ ನಾನು ಪದೇ ಪದೇ ಬರೆಯುವುದು ಇದಕ್ಕೇ.

ಜರ್ಮನ್ ಹಾಡು ಯಾಕೆ ಹಾಡಿದರು?
— ಓದುಗರೊಬ್ಬರು, ಗೋಣಿಕೊಪ್ಪ

ಜರ್ಮನ್ ಭಾಷೆಯಲ್ಲಿ ಹಾಡದಿದ್ದರೆ ಅಲ್ಲಿ ರೆಕಾರ್ಡು ಹೋಗುವುದಿಲ್ಲ ಅಂತ ಜರ್ಮನಿಯ ಕಂಪನಿಯವರು ಪಟ್ಟು ಹಿಡಿದರು. 1964ರ ಜನವರಿ 29ರಂದು ಪ್ಯಾರಿಸ್ಸಿನ ಸ್ಟುಡಿಯೋದಲ್ಲಿ ಎರಡು ಹಾಡಿದರು, ಅಷ್ಟೇ. ಒಂದಕ್ಕೆ ಹಳೆಯ ವಾದ್ಯದ ಟೇಪಿನ ಮೇಲೆ ಹೊಸ ದನಿ ಕೂರಿಸಿದರು. ‘ಶಿ ಲವ್ಸ್ ಯೂ’ ಟೇಪು ಉಳಿದಿರಲಿಲ್ಲವಾದ್ದರಿಂದ ಅದನ್ನು ಪೂರ್ತಿ ಹೊಸದಾಗಿಯೇ ನುಡಿಸಬೇಕಾಯಿತು.

ಸಂಗ್ರಹ ಆಲ್ಬಮ್ ಅಂದರೆ ಹಳೇ ಸರಕಿಗೆ ಹೊಸ ರಟ್ಟು ಹಾಕಿ ಮಾರುವ ವ್ಯಾಪಾರ ಅಲ್ಲವೇ? ಇದಕ್ಕೆ ಇಷ್ಟು ಹೊಗಳಿಕೆ ಯಾಕೆ?
— ನಿವೃತ್ತ ಉಪಾಧ್ಯಾಯರು, ಸೋಮವಾರಪೇಟೆ

ಮೇಷ್ಟ್ರೇ, ಎಷ್ಟೋ ಸಂಗ್ರಹಗಳ ಮಟ್ಟಿಗೆ ನಿಮ್ಮ ಮಾತು ನಿಜ. ಅದೇ ಹತ್ತು ಹಿಟ್ ಹಾಡು, ರಟ್ಟಿನ ಬಣ್ಣ ಮಾತ್ರ ಬೇರೆ. ಅಂಥವನ್ನು ಅಂಗಡಿಯಲ್ಲಿ ನಾನೂ ಮಾರಿದ್ದೇನೆ, ಮನೆಗೆ ಒಂದನ್ನೂ ತಂದಿಲ್ಲ. ಚೆಲ್ಲಿಹೋದದ್ದನ್ನು ಆಯ್ದು ಕೂಡಿಸುವುದು ಬೇರೆ ಕೆಲಸ. ನಡಿಕೇರಿಯಂಡ ಚಿಣ್ಣಪ್ಪನವರು ಬಾಯಿಂದ ಬಾಯಿಗೆ ಬಂದ ಕೊಡವ ಹಾಡುಗಳನ್ನು ಕಲೆಹಾಕಿ 1924ರಲ್ಲಿ ‘ಪಟ್ಟೋಲೆ ಪಳಮೆ’ ಅಚ್ಚು ಹಾಕಿಸಿದ್ದರಿಂದ ತಾನೇ ಇವತ್ತು ದುಡಿ ಹಿಡಿದವರು ಪದ ಮರೆತಾಗ ನೋಡಿಕೊಳ್ಳಲು ಒಂದು ಪುಸ್ತಕ ಇದೆ? ಇದು ಕಂಪನಿಯ ವ್ಯಾಪಾರ, ಅದು ಒಬ್ಬರ ಜೀವಮಾನದ ಸೇವೆ, ಎರಡನ್ನೂ ಒಂದೇ ತಕ್ಕಡಿಯಲ್ಲಿ ನಾನು ತೂಗುತ್ತಿಲ್ಲ. ಆದರೆ ಕೊಡಗಿನಲ್ಲಿ ಕೂತು ‘ಸಂಗ್ರಹ’ ಅನ್ನುವ ಮಾತನ್ನು ಹಗುರವಾಗಿ ಆಡುವುದಕ್ಕೆ ನನಗೆ ಮನಸ್ಸು ಬರುವುದಿಲ್ಲ.

ಬಿ ಸೈಡುಗಳನ್ನೇ ನೋಡಿ. ‘ದಿಸ್ ಬಾಯ್’, ‘ಯೆಸ್ ಇಟ್ ಈಸ್’, ‘ಡೋಂಟ್ ಲೆಟ್ ಮಿ ಡೌನ್’ ಮೂರೂ ಸಿಂಗಲ್ ತಟ್ಟೆಯ ಹಿಂಬದಿಯ ಹಾಡುಗಳು. ಚಿಕ್ಕ ತಟ್ಟೆ ಹಾಕುವ ಪ್ಲೇಯರ್ ಮನೆಯಿಂದ ಹೋದ ದಿನ ಅವೂ ಹೋದಂತೆಯೇ ಆಗುತ್ತಿತ್ತು.

ಬೀಟಲ್ಸ್ ಹಾಡಿಗೆ ಹರಿಪ್ರಸಾದ್ ಚೌರಾಸಿಯಾ ಕೊಳಲು ನುಡಿಸಿದ್ದಾರೆ ಅಂತ ನನ್ನ ಗುರುಗಳು ಹೇಳುತ್ತಿದ್ದರು. ನಿಜವೇ?
— ಕೊಳಲು ಕಲಿಸುವವರು, ಕುಶಾಲನಗರ

ನಿಜ. ಹಾಡು ‘ದಿ ಇನ್ನರ್ ಲೈಟ್’. ನಾನು ಮೇಲೆ ಹೇಳಿದ ಎರಡನೇ ಡಿಸ್ಕಿನಲ್ಲಿ ‘ಹೇ ಜೂಡ್’ಗಿಂತ ಒಂದು ಹಾಡು ಮುಂಚೆ ಇದೆ.

1968ರ ಜನವರಿಯಲ್ಲಿ ಬೀಟಲ್ಸ್ ಬ್ಯಾಂಡಿನ ಜಾರ್ಜ್ ಹ್ಯಾರಿಸನ್ ಒಂದು ಸಿನಿಮಾ ಸಂಗೀತದ ಕೆಲಸಕ್ಕೆ ಬೊಂಬಾಯಿಗೆ ಬಂದಿದ್ದ. ಎಚ್‌ಎಂವಿ ಸ್ಟುಡಿಯೋದಲ್ಲಿ ನಮ್ಮ ವಾದ್ಯಗಾರರನ್ನು ಕೂರಿಸಿಕೊಂಡು ಆ ಕೆಲಸ ಮಾಡುತ್ತಿರುವಾಗಲೇ ಈ ಹಾಡಿನ ವಾದ್ಯಭಾಗವನ್ನೂ ರೆಕಾರ್ಡು ಮಾಡಿದ. ಕೊಳಲು, ಸರೋದ್, ಹಾರ್ಮೋನಿಯಂ, ಪಖಾವಾಜ್ ಎಲ್ಲ ನಮ್ಮವರದೇ. ಜಾರ್ಜ್‌ಗೆ ಆಗ ಇಪ್ಪತ್ನಾಲ್ಕು ವರ್ಷ, ಚೌರಾಸಿಯಾ ಅವರಿಗೆ ಇಪ್ಪತ್ತೊಂಬತ್ತು. ಫೆಬ್ರವರಿಯಲ್ಲಿ ಲಂಡನ್ನಿಗೆ ಹೋಗಿ ದನಿ ಸೇರಿಸಿದ. ಉಳಿದ ಬೀಟಲ್ಸ್‌ನವರು ಒಂದು ವಾದ್ಯವನ್ನೂ ಮುಟ್ಟಿಲ್ಲ, ಪಾಲ್ ಮತ್ತು ಜಾನ್ ಕೊನೆಯಲ್ಲಿ ದನಿಗೂಡಿಸಿದ್ದಾರೆ, ಅಷ್ಟೇ. ಹಾಡಿನ ಮಾತುಗಳ ಮೂಲ ಚೀನಾದ ಹಳೆಯ ಗ್ರಂಥ ‘ತಾವೋ ತೆ ಚಿಂಗ್’. ಅದಕ್ಕೆ ರಾಗ ಹಾಕಬಾರದೇ ಎಂದು ಜಾರ್ಜ್‌ಗೆ ಸೂಚಿಸಿದವರು ಕೇಂಬ್ರಿಡ್ಜಿನ ಸಂಸ್ಕೃತ ವಿದ್ವಾಂಸ ಹುವಾನ್ ಮಸ್ಕರೊ.

ಆ ವರ್ಷ ಮಾರ್ಚಿನಲ್ಲಿ ‘ಲೇಡಿ ಮಡೋನಾ’ದ ಬಿ ಸೈಡಾಗಿ ಬಂತು. ಬೀಟಲ್ಸ್ ಸಿಂಗಲ್ಲಿನಲ್ಲಿ ಜಾರ್ಜ್ ಬರೆದ ಹಾಡು ಬಂದದ್ದು ಅದೇ ಮೊದಲು. ಎರಡೂವರೆ ನಿಮಿಷದ ಚಿಕ್ಕ ಹಾಡು. ವಾದ್ಯಗಳು ಜೋರಾಗಿ ಓಡಿ ಬಂದು ಥಟ್ಟನೆ ನಿಧಾನವಾಗುತ್ತವೆ, ಆಗ ದನಿ ಶುರುವಾಗುತ್ತದೆ. ಕೊಳಲು ಆ ದನಿಯ ಬೆನ್ನಿಗೇ ನಡೆಯುತ್ತದೆ, ಎಲ್ಲೂ ಮುಂದೆ ನುಗ್ಗುವುದಿಲ್ಲ. ಶಿಷ್ಯರಿಗೆ ಪಕ್ಕವಾದ್ಯದ ಪಾಠ ಹೇಳುವಾಗ ಇದನ್ನು ಕೇಳಿಸಿ.

1991ರಲ್ಲಿ ನಿಮ್ಮ ಅಂಗಡಿಯಲ್ಲಿ ತುಂಬಿಸಿಕೊಂಡ ಕ್ಯಾಸೆಟ್ ಮೊನ್ನೆ ಸಿಕ್ಕಿತು. ಮೇಲೆ ‘ಬೀಟಲ್ಸ್, ಪಾಸ್ಟ್ ಮಾಸ್ಟರ್ಸ್ 2ರಿಂದ’ ಅಂತ ನಿಮ್ಮದೇ ಅಕ್ಷರ, ಹಾಡಿನ ಪಟ್ಟಿ ಅಳಿಸಿಹೋಗಿದೆ. ಟೇಪಿನ ಅಂಚಿಗೆ ಬಿಳಿ ಬೂಷ್ಟು ಹಿಡಿದಿದೆ. ಬಿ ಸೈಡಿನ ಮೂರನೇ ಹಾಡಿನ ಕೊನೆಯಲ್ಲಿ ಯಾವ ಭಾಷೆಯೂ ಅಲ್ಲದ ದನಿ ಕೇಳುತ್ತದೆ. ಟೇಪು ಕೆಟ್ಟಿದೆಯಾ? ಸರಿಮಾಡಬಹುದಾ?
— ಓದುಗರೊಬ್ಬರು, ಪೊನ್ನಂಪೇಟೆ

ನಿಮ್ಮ ಪತ್ರ ಓದಿ ಅಟ್ಟದ ಮೇಲಿನ ಟ್ರಂಕಿನಿಂದ ಹಳೇ ಪುಸ್ತಕಗಳನ್ನು ಇಳಿಸಿದೆ. ಯಾರಿಗೆ ಏನು ತುಂಬಿಸಿದೆ ಅಂತ ದಿನಾ ಬರೆದಿಡುತ್ತಿದ್ದೆ. 1991ರ ಪುಸ್ತಕದ ತಳ ಗೆದ್ದಲು ಹಿಡಿದಿದೆ, ನಿಮ್ಮ ಪುಟ ಉಳಿದಿದೆ. ಅರವತ್ತು ನಿಮಿಷದ ಕ್ಯಾಸೆಟ್. ಬಿ ಸೈಡಿನ ಮೂರನೆಯದು ‘ರೇನ್’.

ಹಾಗಾಗಿ ಟೇಪು ಕೆಟ್ಟಿಲ್ಲ. ಆ ಹಾಡು ಇರುವುದೇ ಹಾಗೆ. 1966ರ ಏಪ್ರಿಲ್‌ನಲ್ಲಿ ರೆಕಾರ್ಡು ಮಾಡುವಾಗ ಜಾನ್ ಲೆನನ್ ದನಿಯ ಒಂದು ತುಣುಕನ್ನು ಹಿಂದುಮುಂದಾಗಿ ಓಡಿಸಿ ಕೊನೆಗೆ ಸೇರಿಸಿದರು. ವಾದ್ಯಗಳನ್ನು ವೇಗವಾಗಿ ನುಡಿಸಿ ಟೇಪನ್ನು ನಿಧಾನ ಮಾಡಿದ್ದಾರೆ, ಡ್ರಮ್ಮಿಗೆ ಆ ಭಾರ ಬಂದದ್ದು ಅದರಿಂದ. ನಮ್ಮ ಜೂನ್ ಮಳೆ ಹೆಂಚಿನ ಮೇಲೆ ಬೀಳುವಾಗ ಆ ಡ್ರಮ್ ಕೇಳಿ. ಅವರು ನುಡಿಸಿದ ಅಷ್ಟೂ ಹಾಡಿನಲ್ಲಿ ರಿಂಗೋದ ಕೈಚಳಕ ಅತ್ಯಂತ ಚೆನ್ನಾಗಿರುವುದು ಇದರಲ್ಲೇ ಅಂತ ನನ್ನ ಅಭಿಪ್ರಾಯ.

ಈಗ ಬೂಷ್ಟು. ಮೊದಲು ಆ ಕ್ಯಾಸೆಟ್ಟನ್ನು ಪ್ಲೇಯರಿಗೆ ಹಾಕುವುದು ನಿಲ್ಲಿಸಿ. ಬೂಷ್ಟು ಹೆಡ್ಡಿಗೆ ಅಂಟಿ ಮುಂದೆ ಹಾಕುವ ಕ್ಯಾಸೆಟ್ಟಿಗೂ ಹತ್ತುತ್ತದೆ. ಬಿಸಿಲಿಗೆ ಇಡಬೇಡಿ, ಒಲೆಯ ಮೇಲಿನ ಅಟ್ಟದಲ್ಲಂತೂ ಬೇಡವೇ ಬೇಡ, ಚಿಪ್ಪು ಸೊಟ್ಟಗಾಗುತ್ತದೆ. ಮಳೆಯಿಲ್ಲದ ದಿನ ನೋಡಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಜಗಲಿಯಲ್ಲಿ ಕೂತುಕೊಳ್ಳಿ. ನಾಲ್ಕು ಮೂಲೆಯಲ್ಲಿ ಒಂದೊಂದು, ನಡುವೆ ಒಂದು, ಹೀಗೆ ಐದು ಚಿಕ್ಕ ಸ್ಕ್ರೂ ಇರುತ್ತವೆ, ಬಿಚ್ಚಿ. ಮೇಲಿನ ಚಿಪ್ಪು ತೆಗೆಯುವಾಗ ಕ್ಯಾಸೆಟ್ ಮಲಗಿಯೇ ಇರಲಿ, ಎತ್ತಿದರೆ ಸುರುಳಿ ಜಾರುತ್ತದೆ. ಅಂಚಿನ ಬಿಳಿಯನ್ನು ಒಣಗಿದ ಮೆತ್ತನೆಯ ಬ್ರಶ್ಶಿನಿಂದ ಒಂದೇ ದಿಕ್ಕಿಗೆ ತಳ್ಳಿ, ನೀರು ತಾಗಿಸಬೇಡಿ. ಟೇಪು ತಾಗುವ ಕಡೆ ಉಗುರಿನಷ್ಟು ಅಗಲದ ಒಂದು ಉಣ್ಣೆಯ ತುಂಡು ಇರುತ್ತದೆ. ಅದು ಬಿದ್ದಿದ್ದರೆ ದನಿ ಏಳುವುದಿಲ್ಲ, ಕೆಟ್ಟ ಕ್ಯಾಸೆಟ್ಟಿನಿಂದ ಒಂದನ್ನು ತೆಗೆದು ಕೂರಿಸಿ. ಮುಚ್ಚಿದ ಮೇಲೆ ಪೆನ್ಸಿಲ್ ಹಾಕಿ ಆ ತುದಿಯಿಂದ ಈ ತುದಿವರೆಗೆ ಕೈಯಲ್ಲೇ ಸುತ್ತಿ, ಆಮೇಲೆ ಪ್ಲೇಯರಿಗೆ ಹಾಕಿ. ಒಂದೊಂದು ಕಡೆ ಮುಗಿದಾಗಲೂ ಹೆಡ್ಡನ್ನು ಹತ್ತಿಗೆ ಸ್ಪಿರಿಟ್ ಅದ್ದಿ ಒರೆಸಿ. ಸರಿಯಾಗಿ ಓಡಿದ ಮೊದಲ ಸಲವೇ ಕಂಪ್ಯೂಟರಿಗೆ ಇಳಿಸಿಕೊಳ್ಳಿ.

ಇದು ಕ್ಯಾಸೆಟ್ಟಿನ ಮಾತು. ಮನೆಯಲ್ಲಿ ಅಜ್ಜನ ಕಾಲದ 78 ಸುತ್ತಿನ ಅರಗಿನ ತಟ್ಟೆಗಳಿದ್ದರೆ ಅವಕ್ಕೆ ಸ್ಪಿರಿಟ್ ತಾಗಿಸಲೇಬೇಡಿ, ಅರಗು ಕರಗುತ್ತದೆ.

ನಿಮ್ಮ ಪುಟದಲ್ಲಿರುವ ಪಟ್ಟಿಯನ್ನು ಪೂರ್ತಿ ನಕಲು ಮಾಡಿ ನಾಳೆ ಅಂಚೆಗೆ ಹಾಕುತ್ತೇನೆ. ಎ ಸೈಡಿನಲ್ಲಿ ಒಂಬತ್ತು, ಬಿ ಸೈಡಿನಲ್ಲಿ ಆರು. ಕೊನೆಗೆ ಸ್ವಲ್ಪ ಜಾಗ ಉಳಿದಿದ್ದಕ್ಕೆ ‘ರೇನ್’ ಅನ್ನೇ ಇನ್ನೊಂದು ಸಲ ತುಂಬಿಸಿದ್ದೇನೆ ಅಂತ ಪಕ್ಕದಲ್ಲಿ ಬರೆದಿದೆ.