ಇಪ್ಪತ್ತು ಎಂದು ಬರೆದ ರಾತ್ರಿ

(ಹೆಸರು ಮತ್ತು ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಆಕೆ ಒಪ್ಪಿದ್ದಾಳೆ.)

ಸುಮಾ ಬಿಎಸ್‌ಸಿ ನರ್ಸಿಂಗ್ ಮೂರನೇ ವರ್ಷದ ಹುಡುಗಿ. ನನ್ನ ಹತ್ತಿರ ಆಪ್ತ ಸಮಾಲೋಚನೆಗೆ ಅವಳನ್ನು ಎಳೆದುಕೊಂಡು ಬಂದದ್ದು ರೂಮ್‌ಮೇಟ್. "ಮೇಡಂ, ಇವಳು ರಾತ್ರಿ ಎದ್ದು ಕೂತು ನನ್ನ ಉಸಿರು ಎಣಿಸ್ತಾಳೆ. ಕಣ್ಣು ಬಿಟ್ರೆ ವಾಚ್ ಹಿಡ್ಕೊಂಡು ನನ್ನ ಎದೆನೇ ನೋಡ್ತಾ ಇರ್ತಾಳೆ. ನಂಗೆ ಭಯ ಆಗ್ತಿದೆ" ಎಂದಳು. ಸುಮಾ ತಲೆ ಎತ್ತಲಿಲ್ಲ.

ವಿಷಯ ಹೊರಬರಲು ಎರಡು ಭೇಟಿ ಬೇಕಾಯಿತು. ಮೆಡಿಕಲ್ ವಾರ್ಡ್, ನೈಟ್ ಪೋಸ್ಟಿಂಗ್. ಮೂವತ್ತೆರಡು ಬೆಡ್, ಒಬ್ಬರು ಸ್ಟಾಫ್ ಸಿಸ್ಟರ್, ಇಬ್ಬರು ವಿದ್ಯಾರ್ಥಿನಿಯರು. ಟೀಚಿಂಗ್ ಆಸ್ಪತ್ರೆಯ ಜನರಲ್ ವಾರ್ಡಿನಲ್ಲಿ ಮೂವರು ರೋಗಿಗಳಿಗೆ ಒಬ್ಬ ನರ್ಸ್ ಇರಬೇಕು ಎಂದು ನರ್ಸಿಂಗ್ ಕೌನ್ಸಿಲ್ ಲೆಕ್ಕ ಹೇಳುತ್ತದೆ. ಮಕ್ಕಳು ಅದನ್ನು ಪರೀಕ್ಷೆಗೆ ಬಾಯಿಪಾಠ ಮಾಡಿ ಬರೆಯುತ್ತಾರೆ. ವಾರ್ಡಿಗೆ ಹೋದರೆ ಹೀಗೆ.

ರಾತ್ರಿ ಎರಡು ಗಂಟೆಗೆ ವೈಟಲ್ಸ್, ಅಂದರೆ ಜ್ವರ, ನಾಡಿ, ಉಸಿರಾಟ ನೋಡುವ ಹೊತ್ತಿಗೆ ಇನ್ನೊಂದು ತುದಿಯಲ್ಲಿ ಯಾರಿಗೋ ವಾಂತಿ. "ಎಲ್ರೂ ಸ್ಟೇಬಲ್ ಇದ್ದಾರೆ, ಚಾರ್ಟ್ ತುಂಬಿಸಿಬಿಡಮ್ಮ" ಎಂದು ಸಿಸ್ಟರ್ ಓಡಿದರು. ನ್ಯುಮೋನಿಯಾ ಆಗಿದ್ದ ಅಜ್ಜರೊಬ್ಬರು ಮಲಗಿದ್ದರು. ಸುಮಾ ಚಾರ್ಟಿನ ಹಿಂದಿನ ಸಾಲು ನೋಡಿಕೊಂಡು ಟೆಂಪರೇಚರ್, ಪಲ್ಸ್ ಬರೆದಳು. ಉಸಿರಾಟದ ಕಾಲಂನಲ್ಲಿ ಎಣಿಸದೆಯೇ 20 ಎಂದು ಹಾಕಿದಳು. ಬೆಳಗಿನ ಜಾವ ಐದಕ್ಕೆ ಅಜ್ಜ ಏದುಸಿರು ಬಿಡುತ್ತಿದ್ದರು. ಐಸಿಯುಗೆ ಸಾಗಿಸಿದರು. ನಾಲ್ಕು ದಿನದ ಮೇಲೆ ವಾರ್ಡಿಗೆ ವಾಪಸ್ ಬಂದರು, ಆಮೇಲೆ ಮನೆಗೂ ಹೋದರು.

ಯಾರಿಗೂ ಏನೂ ಗೊತ್ತಾಗಲಿಲ್ಲ. ಅವಳಿಗೆ ನಿದ್ದೆ ಕೆಡಿಸಿದ್ದು ಅದೇ. "ಅಜ್ಜಾರು ಹೋಗೂ ಮುಂದ ನನಗ ಕೈ ಮುಗದ್ರು ರೀ ಮೇಡಂ" ಎಂದು ಬಿಕ್ಕಿದಳು.

ಇಲ್ಲಿ ನಾನೊಂದು ತಪ್ಪು ಮಾಡಿದೆ. ಸಮಾಧಾನ ಮಾಡುವ ಆತುರದಲ್ಲಿ "ಇದು ನಿನ್ನ ತಪ್ಪಲ್ಲ, ವ್ಯವಸ್ಥೆಯೇ ಹಾಗಿದೆ" ಅಂದುಬಿಟ್ಟೆ. ಹುಡುಗಿ ಗಪ್ ಚಿಪ್. ಮುಂದಿನ ವಾರ ಅವಳೇ ಹೇಳಿದಳು: "ಮಲಗಿದವರ ಉಸಿರು ಎಣಿಸೂದು ಎಲ್ಲಕ್ಕಿಂತ ಸುಲಭ ರೀ. ಎಬ್ಬಿಸೂದೂ ಬ್ಯಾಡ. ಒಂದೇ ನಿಮಿಷ." ಅವಳಿಗೆ ತನ್ನ ಕೆಲಸ ಗೊತ್ತಿತ್ತು. ನಾನು ಅದನ್ನು ಸುಮ್ನೆ ತಳ್ಳಿಹಾಕಿದ್ದೆ.

ಇಂಥ ಪ್ರಸಂಗದಲ್ಲಿ ಸಿಕ್ಕಿಬಿದ್ದ ಆಸ್ಪತ್ರೆ ಸಿಬ್ಬಂದಿಯನ್ನು 'ಎರಡನೇ ಬಲಿಪಶು' (ಮೊದಲನೆಯದು ರೋಗಿ) ಎಂದು 2000ದಲ್ಲಿ ಆಲ್ಬರ್ಟ್ ವೂ ಎಂಬ ಅಮೆರಿಕದ ವೈದ್ಯರು ಕರೆದರು. ಆ ಮಾತು ಎಷ್ಟೋ ಜನರ ಸಂಕಟಕ್ಕೆ ಹೆಸರು ಕೊಟ್ಟಿದೆ, ನಿಜ. ಆದರೂ ನನಗೆ ಅದನ್ನು ಬಳಸಲು ಹಿಂಜರಿಕೆ. ಅಜ್ಜನ ಮಕ್ಕಳು ಕೇಳಿಸಿಕೊಂಡರೆ ಏನನ್ನಬಹುದು, ಅಲ್ವಾ?

ಸುಮಾಗೆ ಕೋರ್ಸ್ ಬಿಡಬೇಕು ಅನಿಸಿತ್ತು. ಅಪ್ಪ ಸಾಲ ಮಾಡಿ ಫೀಸ್ ಕಟ್ಟಿದ್ದಾರೆ. ಸಾಯುವ ಯೋಚನೆ ಬಂದಿದೆಯಾ ಎಂದು ನೇರವಾಗಿಯೇ ಕೇಳಿದೆ. ಇಲ್ಲ ಎಂದಳು. ಆದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನು ಅವಳ ಫೋನಿನಲ್ಲೂ ರೂಮ್‌ಮೇಟ್ ಫೋನಿನಲ್ಲೂ ಸೇವ್ ಮಾಡಿಸಿದೆ. ರಾತ್ರಿ ಎರಡಕ್ಕೆ ನಾನು ಸಿಗುವುದಿಲ್ಲ, ಅದು ಸಿಗುತ್ತದೆ.

ನಾನು ಕೊಟ್ಟ ಸಲಹೆಯಲ್ಲಿ ಮುಖ್ಯವಾದದ್ದು: ಹೇಳು. ಆದರೆ ಪ್ರಿನ್ಸಿಪಾಲರ ಕೋಣೆಗೆ ನುಗ್ಗಿ ಅಲ್ಲ. ವಾರ್ಡಿನಲ್ಲಿ ಕಲಿಸುವ ಕ್ಲಿನಿಕಲ್ ಇನ್‌ಸ್ಟ್ರಕ್ಟರ್‌ಗಳಲ್ಲಿ ನಿನಗೆ ನಂಬಿಕೆ ಇರುವವರ ಹತ್ತಿರ ಹೇಳು. ಇಂಟರ್ನಲ್ ಮಾರ್ಕ್ಸ್ ಅವರ ಕೈಯಲ್ಲೇ ಇದೆ ಎಂಬ ಅವಳ ಭಯ ಸುಳ್ಳಲ್ಲ. ಅದಕ್ಕೇ ಮೊದಲು ನನ್ನೆದುರು ಹೇಳಿ ಅಭ್ಯಾಸ ಮಾಡಿಸಿದೆ. "ನನ್ನಿಂದ ದೊಡ್ಡ ತಪ್ಪಾತು ಮೇಡಂ, ಕ್ಷಮಿಸ್ರಿ" ಎಂದು ಶುರು ಮಾಡಿದಳು. ಬೇಡ ಎಂದೆ. ಕ್ಷಮೆಯಿಂದ ಶುರು ಮಾಡಿದರೆ ಕೇಳುವವರು ಸಮಾಧಾನಕ್ಕೋ ಬೈಗುಳಕ್ಕೋ ಇಳಿಯುತ್ತಾರೆ. ಗಂಟೆಯಿಂದ ಶುರು ಮಾಡು. ಯಾವ ರಾತ್ರಿ, ಎಷ್ಟು ಹೊತ್ತಿಗೆ, ಯಾವ ಬೆಡ್, ಏನು ನೋಡಲಿಲ್ಲ, ಏನು ಬರೆದೆ. ಸಿಸ್ಟರ್ ಆಡಿದ ಮಾತನ್ನು ಮುಚ್ಚಿಡಬೇಡ, ಅದರ ಹಿಂದೆ ಬಚ್ಚಿಟ್ಟುಕೊಳ್ಳಲೂ ಬೇಡ. ಇಷ್ಟನ್ನೇ ಒಂದು ಹಾಳೆಯಲ್ಲಿ ಬರೆದುಕೊಡು.

ಹಳೆ ಚಾರ್ಟ್ ಮುಟ್ಟಬೇಡ ಎಂದೂ ಹೇಳಿದೆ. ಅದನ್ನು ಹುಡುಕಿ ತೆಗೆದು ಸರಿಮಾಡಿಬಿಡಲಾ ಎಂಬ ಆಸೆ ಅವಳಿಗಿತ್ತು. ಬರೆಯುವಾಗಲೇ ಕೈತಪ್ಪಿದರೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದು ಬರೆದು, ಸಹಿ, ತಾರೀಖು, ಗಂಟೆ ಹಾಕಬೇಕು. ವೈಟ್ನರ್ ಇಲ್ಲ. ಇದು ಮೊದಲ ವರ್ಷದ ಪಾಠ. ವಾರಗಳಾದ ಮೇಲೆ ಹೋಗಿ ತಿದ್ದಿದರೆ ಅದು ಎರಡನೇ ಸುಳ್ಳು.

ನಾವು ಹೆಚ್ಚು ಹೊತ್ತು ಮಾತಾಡಿದ್ದು ಖಾಲಿ ಕಾಲಂ ಬಗ್ಗೆ. ಖಾಲಿ ಬಿಟ್ಟರೆ ಬೈಯುತ್ತಾರೆ ಎಂದು ಎಲ್ಲರೂ ತುಂಬಿಸುತ್ತಾರಂತೆ. ದೊಡ್ಡವರ ಉಸಿರಾಟ ನಿಮಿಷಕ್ಕೆ 12ರಿಂದ 20 ಇದ್ದರೆ ಸರಿ ಎನ್ನುವುದರಿಂದ 18 ಇಲ್ಲವೇ 20. ನಾನು ಕೇಳಿದೆ, "ಆ ಜಾಗ ಖಾಲಿ ಇದ್ದಿದ್ರೆ ಸಿಸ್ಟರ್ ಏನ್ ಮಾಡ್ತಿದ್ರು?" ಅವಳು ತುಂಬಾ ಹೊತ್ತು ಸುಮ್ಮನಿದ್ದಳು. "ನನಗ ಬೈದು, ಹೋಗಿ ನೋಡ್ತಿದ್ರು." ಹೌದು. 20 ನೋಡಿದವರು ಯಾರೂ ಎದ್ದು ಹೋಗುವುದಿಲ್ಲ. ರೋಗಿ ಕೆಡುತ್ತಿರುವ ಸುಳಿವು ಎಷ್ಟೋ ಸಲ ಮೊದಲು ಸಿಗುವುದೇ ಉಸಿರಿನ ಲೆಕ್ಕದಲ್ಲಿ. ಆಗಲಿಲ್ಲ ಎಂದರೆ 'ತೆಗೆದಿಲ್ಲ' ಎಂದು ಬರೆದು, ಬಾಯಲ್ಲೂ ಹೇಳಬೇಕು.

ಅವಳು ಹೇಳಿದಳು. ಇನ್‌ಸ್ಟ್ರಕ್ಟರ್ ಚೆನ್ನಾಗಿ ಬೈದರು. ಅವಳ ಬರಹವನ್ನು ನರ್ಸಿಂಗ್ ಸೂಪರಿಂಟೆಂಡೆಂಟರಿಗೆ ಕಳಿಸಿದರು. ಮೂರು ನೈಟ್ ಡ್ಯೂಟಿ ಮತ್ತೆ ಮಾಡಿಸಿದರು, ತಾವೇ ಜೊತೆಗೆ ನಿಂತು. ರೋಗಿಗೆ ಗೊತ್ತಾದರೆ ಉಸಿರಿನ ಲಯ ಬದಲಾಗುತ್ತದೆ, ಅದಕ್ಕೇ ನಾಡಿ ಹಿಡಿದ ಕೈ ಬಿಡದೆ ಎದೆ ನೋಡುತ್ತಾ ಪೂರ್ತಿ ನಿಮಿಷ ಎಣಿಸು ಎಂದು ಮೊದಲಿನಿಂದ ಕಲಿಸಿದರು. ವಾರ್ಡಿನಲ್ಲಿ ಸಿಸ್ಟರ್‌ಗಳ ಸಂಖ್ಯೆ ಮಾತ್ರ ಹಾಗೇ ಇದೆ. ಆ ರಾತ್ರಿಯ ಸಿಸ್ಟರ್ ಈಗ ಸುಮಾಳನ್ನು ಮಾತಾಡಿಸುವುದಿಲ್ಲ. ಅದಕ್ಕೆ ನನ್ನ ಹತ್ತಿರ ಸಲಹೆ ಇರಲಿಲ್ಲ.

ಕೊನೆಯ ಭೇಟಿಗೆ ರೂಮ್‌ಮೇಟ್ ಕೂಡ ಬಂದಿದ್ದಳು. ಈಗಲೂ ಎಣಿಸ್ತಾಳಾ ಎಂದೆ. "ವಾರಕ್ಕೊಂದ್ಸಲ" ಎಂದಳು. "ನಾನೂ ಅಭ್ಯಾಸ ಮಾಡ್ಕೊಂಡಿದೀನಿ, ಹದಿನಾಲ್ಕಂತೆ ನಂದು."